ಸೂಗಪ್ಪ ಕಾಕಾನಿಗೆ ಅಲಾಟ್ ಆದ ಏಳನೇ ನಂಬರ್ ಟೆಂಟು

ನಮ್ಮ ಮಲ್ಕಾಜ್‌ಗಿರಿಯ ಸೂಗಪ್ಪ ಕಾಕಾನಂಥ ಮನುಷ್ಯ ಇನ್ನೊಬ್ಬರಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಲಿಂಗಸೂಗೂರಿನ ಕಡೆಯಿಂದ ಬಂದು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆದವರು. ಸೇರಿದ ದಿನವೇ ಕ್ವಾರ್ಟರ್ಸಿಗೆ ಅರ್ಜಿ ಹಾಕಿದರು, ಹದಿನಾರು ವರ್ಷ ಕಾದರು. ಅಷ್ಟರಲ್ಲಿ ಐದು ಬಾಡಿಗೆ ಮನೆ ಬದಲಾದವು. ಒಂದು ಮೊಳೆ ಹೊಡೆಯಬೇಕಾದರೂ ಅವರ ಹೆಂಡತಿ ಸಾವಿತ್ರಿಬಾಯಿ ಕಾಕು ಮಾಲೀಕರ ಅಪ್ಪಣೆ ಕೇಳಬೇಕಿತ್ತು. ಎಂಬತ್ತಾರನೇ ಇಸವಿಯಲ್ಲಿ ಕೊನೆಗೂ ಕಾಕಾನ ಹೆಸರು ಪಟ್ಟಿಯಲ್ಲಿ ಒಂದನೇ ನಂಬರಿಗೆ ಬಂತು. ಇನ್ನು ಯಾರು ಮನೆ ಖಾಲಿ ಮಾಡಿದರೂ ಅದು ಕಾಕಾನದೇ.

ಆ ಡಿಸೆಂಬರಿನಲ್ಲೇ ಕಾರ್ಖಾನೆಯ ಕ್ಲಬ್ಬಿನವರು ಭುವನಗಿರಿಯಲ್ಲಿ ಎರಡು ದಿನದ ಕ್ಯಾಂಪ್ ಇಟ್ಟರು. ಕೋಟೆಯ ಬಂಡೆ ಹತ್ತುವುದು, ಕೆಳಗೆ ಬಯಲಲ್ಲಿ ಟೆಂಟು ಹಾಕಿ ಇರುವುದು. ಕ್ಲಬ್ಬಿನ ಕಾರ್ಯದರ್ಶಿ ಅಮರೇಶಪ್ಪ. ಆಫೀಸಿನಲ್ಲಿ ಅವರು ಕ್ವಾರ್ಟರ್ಸ್ ಹಂಚುವ ಗುಮಾಸ್ತ; ಇಪ್ಪತ್ತು ವರ್ಷ ಅದೊಂದನ್ನೇ ಮಾಡಿ ಬೇರೆ ಥರ ಹಂಚುವುದು ಮರೆತೇಹೋಗಿತ್ತು. ಹನ್ನೆರಡು ಟೆಂಟಿಗೂ ಅರ್ಜಿ ಕರೆದರು. ಸಣ್ಣವು ಟೈಪ್ ಒಂದು, ಮುಂದೆ ಪಡಸಾಲೆಯಂತೆ ಬಟ್ಟೆ ಇಳಿಬಿಟ್ಟವು ಟೈಪ್ ಎರಡು. ಕಾಕಾನಿಗೆ ಟೈಪ್ ಎರಡು, ಏಳನೇ ನಂಬರ್ ಅಂತ ದುಂಡು ಸೀಲು ಒತ್ತಿದ ಆರ್ಡರು ಬಂತು.

ಆ ಕಾಗದ ನೋಡಿ ಕಾಕಾನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಮ್ಮ ಹೆಸರಿನ ಬೋರ್ಡು ಬರೆಸಿ ತಂದು ಟೆಂಟಿಗೆ ಕಟ್ಟಿದರು. ಕಾಕು ಮಾವಿನ ತೋರಣ ಕಟ್ಟಿ, ಸ್ಟೋವ್ ಹಚ್ಚಿ, ಹಾಲು ಉಕ್ಕಿಸಿದರು.

"ಇಲ್ಲಿ ಮೊಳಿ ಹೊಡೀಲೇನ್ರಿ?"

"ಹೊಡಿ, ಎಲ್ಲಿ ಬೇಕಾದಲ್ಲಿ ಹೊಡಿ. ಯಾರನ್ನ ಕೇಳೂದೈತಿ ಈಗ?"

ಕಾಕು ನಡುಗಂಬಕ್ಕೆ ಮೊಳೆ ಹೊಡೆದು ದೇವರ ಫೋಟೊ ತೂಗುಹಾಕಿದರು. ಟೆಂಟು ಸ್ವಲ್ಪ ಪೂರ್ವಕ್ಕೆ ವಾಲಿತು.

ಚಹಾದ ಹೊತ್ತಿಗೆ ಅಮರೇಶಪ್ಪ ಬಗಲಲ್ಲಿ ರಿಜಿಸ್ಟರ್ ಇಟ್ಟುಕೊಂಡು ಬಂದರು.

"ಸೂಗಪ್ಪನೋರ, ಇಲ್ಲೊಂದು ಸಹಿ ಮಾಡ್ರಿ. ಮನಿ ಸಿಕ್ತು ಅಂತ ನಿಮ್ಮ ಹೆಸರು ಪಟ್ಟಿಯಿಂದ ತಗದೀನಿ."

"ಯಾವ ಪಟ್ಟಿ?"

"ಇರೋದು ಒಂದ ಪಟ್ಟಿ, ಕ್ವಾರ್ಟರ್ಸಿಂದು."

"ಇದು ಟೆಂಟ್ ಐತ್ರಿ ಯಪ್ಪಾ!"

"ಐತಿ, ಯಾರ ಇಲ್ಲಂದ್ರು? ಅಲಾಟ್ ಆಗೇತಿ, ಸ್ವಾಧೀನ ತಗೊಂಡೀರಿ. ಹಾಲು ಉಕ್ಕಿಸಿದ್ದು ನಾನ ನೋಡೀನಿ."

"ಹಂಗಾರ ವಾಪಸ್ ತಗೋರಿ ನಿಮ್ಮ ಟೆಂಟು."

"ಒಲ್ಲೆ ಅಂದವರು ಪಟ್ಟಿ ತಳಕ್ಕ ಹೋಗ್ತಾರ. ನಾಲ್ಕುನೂರಾ ಹನ್ನೆರಡನೇ ನಂಬರ್. ನೋಡ್ರಿ, ನಿಮ್ಮ ಮರ್ಜಿ."

ಉಳಿದ ಹನ್ನೊಂದು ಟೆಂಟಿನವರಿಗೆ ಮೊದಲೇ ಕ್ವಾರ್ಟರ್ಸ್ ಇತ್ತು, ಅವರು ನಿಶ್ಚಿಂತೆಯಿಂದ ಬಂಡೆ ಹತ್ತುತ್ತಿದ್ದರು. ಕಾಕಾ ಮಾತ್ರ ತಮ್ಮ ಬೋರ್ಡಿನ ಕೆಳಗೆ ಕುಸಿದು ಕೂತರು. ಕಾಕು ಸುಮ್ಮನಿರುವವರಲ್ಲ. "ಹದಿನಾರು ವರ್ಷ ಕಾದು ಗುಡಾರ ಗಿಟ್ಟಿಸಿದ್ರಿ. ಇನ್ನ ಒಂದು ಒಂಟೆ ಸಾಕೂಣು, ನಡೀರಿ."

ಇದೆಲ್ಲ ಬೇವಿನ ಮರದಡಿ ಅಡುಗೆ ನೋಡಿಕೊಳ್ಳುತ್ತಿದ್ದ ಕಲ್ಯಾಣಪ್ಪನ ಕಿವಿಗೆ ಬಿತ್ತು. ಹೆಂಡತಿ ತೀರಿಕೊಂಡ ಮೇಲೆ ಕಾಲೊನಿಯಲ್ಲಿ ಒಬ್ಬರೇ ಇದ್ದವರು, ಫೆಬ್ರುವರಿ ಕೊನೆಗೆ ರಿಟೈರ್ ಆಗುವವರು. ಅರ್ಜಿ ಬರೆಯಲು ಬೇಜಾರಾಗಿ ಟೆಂಟು ಕೇಳಿರಲೇ ಇಲ್ಲ. ಸೌಟು ಹಿಡಿದುಕೊಂಡೇ ಬಂದರು.

"ಅಮರೇಶಪ್ಪ, ಇದು ಮನಿ ಹೌದೋ ಅಲ್ಲೋ?"

"ರಿಜಿಸ್ಟರ್ ಪ್ರಕಾರ ಮನಿ."

"ಟೈಪ್ ಎರಡಲ್ಲ? ನನ್ನ ಕ್ವಾರ್ಟರ್ಸೂ ಟೈಪ್ ಎರಡ. ಒಂದ ಟೈಪಿನವರು ಇಬ್ರೂ ಒಪ್ಪಿದ್ರ ಅದಲಿ ಬದಲಿ ಮಾಡ್ಕೋಬಹುದು ಅಂತ ನೀನ ಹೇಳ್ತಿದ್ದಿ."

ಅಮರೇಶಪ್ಪ ಅಲ್ಲೇ ಕಲ್ಲಿನ ಮೇಲೆ ಕೂತು ರೂಲು ಪುಸ್ತಕ ಮೊದಲಿಂದ ಕಡೆತನಕ ತಿರುವಿದರು. ಸಾಂಬಾರು ತಳ ಹತ್ತಿತು.

"ಮನಿಗೆ ಗ್ವಾಡಿ ಇರಬೇಕು ಅಂತ ಎಲ್ಲೂ ಬರದಿಲ್ಲ," ಎಂದರು ಕೊನೆಗೆ. "ಎರಡು ಪ್ರತಿಯೊಳಗ ಅರ್ಜಿ ಕೊಡ್ರಿ."

"ಅಣ್ಣಾರ, ಮತ್ತ ನೀವೆಲ್ಲಿರ್ತೀರಿ?" ಅಂದರು ಕಾಕಾ.

"ಎರಡು ತಿಂಗಳಿನ ಮಾತು. ಆ ಮನ್ಯಾಗ ನನಗ ನಿದ್ದಿ ಹತ್ತಂಗಿಲ್ಲ ಮಾರಾಯ. ಇಲ್ಲಿ ನೋಡು, ಮಧ್ಯಾಹ್ನನ ಗೊರಕಿ ಹೊಡದೀನಿ."

ಸೋಮವಾರ ಕಾಕಾ ಕಾಲೊನಿಯ ಆ ಮನೆಗೆ ಬಂದರು. ಅಲಾಟ್ ಆದ ಮನೆ ಖಾಲಿ ಬಿಡುವಂತಿಲ್ಲ ಎಂದು ಅಮರೇಶಪ್ಪ ನೋಟಿಸ್ ಕೊಟ್ಟದ್ದರಿಂದ ಕಲ್ಯಾಣಪ್ಪ ಏಳನೇ ನಂಬರ್ ಟೆಂಟನ್ನು ಅದೇ ಅಂಗಳದ ಪೇರಲ ಗಿಡದ ಕೆಳಗೆ ಹಾಕಿಕೊಂಡರು. ಕಾಕು ದಿನಾ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಡುತ್ತಿದ್ದರು. ಫೆಬ್ರುವರಿ ಕೊನೆಗೆ ಕಲ್ಯಾಣಪ್ಪ ರಿಟೈರ್ ಆಗಿ ಊರಿಗೆ ಹೊರಟಾಗ ಅಮರೇಶಪ್ಪ ಬೀಗದ ಕೈ ಕೇಳಿದರು. ಕಲ್ಯಾಣಪ್ಪ ಟೆಂಟಿನ ಬಾಗಿಲು ಕಟ್ಟುವ ಹಗ್ಗ ಕೊಟ್ಟರು.

ಈಗ ಟೆಂಟು ಖಾಲಿ. ಪಟ್ಟಿಯಲ್ಲಿ ಮುಂದಿನವರು ಹನುಮಂತರಾಯ, ಹದಿನೈದು ವರ್ಷ ಕಾದವರು. ಸುದ್ದಿ ಕೇಳಿದ್ದೇ ಆರ್ಡರು ಕೈಗೆ ಬರಬಾರದೆಂದು ರಜೆ ಹಾಕಿ ದಿಲ್‌ಸುಖ್‌ನಗರದ ತಂಗಿ ಮನೆಯಲ್ಲಿ ಅಡಗಿ ಕೂತರು.

ನಮ್ಮ ಕಾಕಾ ಎಂಥವರೆಂದು ತಿಳಿಯುವುದು ಇಲ್ಲೇ. ತಮಗೆ ಮನೆ ಸಿಕ್ಕಿತ್ತು, ಸುಮ್ಮನಿರಬಹುದಿತ್ತು. ಅವರು ಆಫೀಸಿಗೆ ಹೋಗಿ, ಏಳನೇ ನಂಬರು ವಾಸಕ್ಕೆ ಯೋಗ್ಯವಲ್ಲ, ಪರಿಶೀಲಿಸಿ ರದ್ದು ಮಾಡಬೇಕು ಎಂದು ಅರ್ಜಿ ಕೊಟ್ಟರು. ಅಮರೇಶಪ್ಪ ಬಂದರು. ಚಪ್ಪಲಿ ಬಿಟ್ಟು ಒಳಗೆ ಹೋದರು. ಮೇಲೆ ನೋಡಿದರು. ಆಮೇಲೆ ಗೋಡೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದರು, ಅದು ಅಲ್ಲಾಡಿತು.

"ಭಾಳ ಅಪಾಯ ಐತ್ರಿ ಇದು," ಎಂದು ಗಾಬರಿಯಿಂದ ಹೊರಗೆ ಬಂದು, ಅಲ್ಲೇ ನಿಂತು ರದ್ದತಿಗೆ ಸಹಿ ಮಾಡಿದರು.