ಬಾಯಿಗೆ ಹೋದ ನೂಲು

ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಟೈಲರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕೆಲಸಕ್ಕೆ ಕೂತರೆಂದರೆ ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ ಇರಲೇಬೇಕು. ಅವನ್ನು ಕಚ್ಚಿಕೊಂಡೇ ಅಳತೆ ತೆಗೆಯುತ್ತಾರೆ, ಗಿರಾಕಿಗಳ ಮನೆ ಸುದ್ದಿ ಕೇಳುತ್ತಾರೆ, ನಡುನಡುವೆ ನನ್ನನ್ನೂ ಗದರುತ್ತಾರೆ.

ನಾವಿರುವುದು ಮೇಲಿನ ಮಹಡಿಯಲ್ಲಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗಳನ್ನು ಆಸ್ಪತ್ರೆಯಿಂದ ತಂದ ದಿನವೇ ಅತ್ತೆಗೆ ನೆಗಡಿ ಹಿಡಿಯಬೇಕೆ! ಡಾಕ್ಟರು ಮೊದಲೇ ಹೇಳಿದ್ದರು: "ದೊಡ್ಡವರಿಗೆ ಅದು ಬರೀ ನೆಗಡಿ. ಈ ಮಗುವಿಗೆ ಉಸಿರಾಡೋದೇ ಕಷ್ಟ ಆಗಬಹುದು. ಸೀನಿದಾಗ ಹಾರೋ ಹನಿಯಿಂದ ಅಷ್ಟೇ ಅಲ್ಲ, ಅದು ಬಿದ್ದ ವಸ್ತು ಮುಟ್ಟಿದ ಕೈಯಿಂದಲೂ ವೈರಸ್ ಹರಡುತ್ತೆ."

ಅತ್ತೆ ಮಾಸ್ಕ್ ಬಿಗಿದುಕೊಂಡರು. ಮೆಟ್ಟಿಲ ಬುಡದಲ್ಲೇ ನಿಂತು "ಹಾಲು ಕುಡೀತಾ? ಮಲಗ್ತಾ?" ಎಂದು ಕೂಗುತ್ತಿದ್ದರು. ಮೊಮ್ಮಗಳನ್ನು ಇನ್ನೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ, ಜೀವ ಚಡಪಡಿಸುತ್ತಿತ್ತು. ಸುಮ್ಮನೆ ಕೂರಲಾಗದೆ ಮೆತ್ತನೆಯ ಹತ್ತಿಬಟ್ಟೆಯಲ್ಲಿ ಪುಟ್ಟ ಅಂಗಿ ಹೊಲಿಯಲು ಕೂತರು.

ಗುಂಡಿ ಹಾಕುವಾಗ ನಾನು ಬಾಗಿಲಲ್ಲೇ ಇದ್ದೆ. ಮಾಸ್ಕ್ ಇಳಿಸಿ, ನೂಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಗೆ ಪೋಣಿಸಿ, ಮಾಸ್ಕನ್ನು ಶಿಸ್ತಾಗಿ ಮೇಲೇರಿಸಿದರು. ನನ್ನ ಮಂದಬುದ್ಧಿಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಅಂಗಿ ಹಿಡಿದು ಮೇಲೆ ಹೋಗಿ, ಹೆಂಡತಿ ಅದನ್ನು ಮಗುವಿನ ತಲೆಯ ಹತ್ತಿರ ಹಿಡಿದಾಗ.

"ತಡಿ ತಡಿ! ನೂಲೆಲ್ಲ ನಿಮ್ಮಮ್ಮನ ಎಂಜಲು!"

ಅವಳು ಮೆಟ್ಟಿಲಿನಿಂದ ಬಗ್ಗಿ ಕೂಗಿದಳು: "ಅಮ್ಮಾ, ನೂಲು ಬಾಯಿಗೆ ಹಾಕಿದ್ಯಾ?"

"ಮಾಸ್ಕ್ ಹಾಕ್ಕೊಂಡೇ ಇದ್ನಲ್ಲೇ!"

"ಅದನ್ನ ಇಳಿಸಿ ತಾನೇ ಬಾಯಿಗೆ ಹಾಕಿದ್ದು?"

ಅಂಗಿ ಸೋಪಿನ ನೀರಿಗೆ ಹೋಯಿತು, ನಾನು ಕೈ ತೊಳೆದುಕೊಂಡೆ. ಅತ್ತೆಗೆ ಸಿಟ್ಟು ಬಂದಿದೆಯೆಂದು ಹೆದರಿ ಆಮೇಲೆ ಇಣುಕಿ ನೋಡಿದರೆ, ಗುಂಡುಸೂಜಿಗಳೆಲ್ಲ ಒಂದು ಸ್ಪಂಜಿನಲ್ಲಿ ಚುಚ್ಚಿಕೊಂಡಿದ್ದವು. ಕೈ ಮಾತ್ರ ಹಳೇ ಚಾಳಿಯಂತೆ ಬಾಯಿಯ ಕಡೆಗೇ ಹೋಗುತ್ತಿತ್ತು. ಅತ್ತೆ ಇನ್ನೊಂದು ಕೈಯಿಂದ ಅದಕ್ಕೆ ಪಟ್ ಎಂದು ಏಟು ಕೊಡುತ್ತಿದ್ದರು. ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು.

ನೆಗಡಿ ಹೋಯಿತು, ಕೆಮ್ಮೂ ಹೋಯಿತು. ಡಾಕ್ಟರು ಸರಿ ಎಂದ ಮೇಲೆ ಅತ್ತೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಮೇಲೆ ಬಂದರು. ಹೆಂಡತಿ ಮಗುವನ್ನು ಅವರ ಮಡಿಲಿಗೆ ಹಾಕಿದಳು. ಮಗು ಅಜ್ಜಿಯ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅತ್ತೆಯ ಕಣ್ಣಲ್ಲಿ ನೀರು ತುಂಬಿತು. ಅಳು ನುಂಗಲು ಹೋಗಿ ನಾನು ಸಣ್ಣಗೆ ಕೆಮ್ಮಿದೆ.

ಅತ್ತೆ ತಟ್ಟನೆ ತಲೆ ಎತ್ತಿದರು. "ಅಳಿಯಂದ್ರೇ, ಕೆಮ್ಮೋದಾದ್ರೆ ಹೊರಗೆ!"

ಹೊರಗೆ ಹೋಗಿ ನಿಂತೆ. ನನ್ನ ಮಗಳ ಕೋಣೆಯಿಂದ ನನ್ನನ್ನೇ ಅಟ್ಟಿದ್ದರು. ನನಗೋ ಹೇಳಲಾರದಷ್ಟು ಸಂತೋಷ. ಕಣ್ಣೊರೆಸಿಕೊಂಡು, ಕೈ ತೊಳೆದುಕೊಂಡೇ ಒಳಗೆ ಹೋದೆ.