ದೆವ್ವದ ಪಾರ್ಟಿಗೆ ದೃಷ್ಟಿ ನೀರು

ಗೆಳೆಯರೇ, ಯಾರಾದರೂ ಬಂದು ನಮ್ಮವ್ವನಿಗೆ ಬುದ್ಧಿ ಹೇಳಿ. ಇವತ್ತಿನ ದೆವ್ವದ ವೇಷದ ಪಾರ್ಟಿಗೆಂದು ಹೊಸದುರ್ಗದ ದಾಳಿಂಬೆ ಹಿಂಡಿ, ರಮ್ ಬೆರೆಸಿ, ನಿಂಬೆಹೋಳು ತೇಲಿಬಿಟ್ಟು ದೊಡ್ಡ ಪಾತ್ರೆ ತುಂಬ ರಕ್ತದಂಥ ಕಾಕ್‌ಟೇಲ್ ಮಾಡಿಟ್ಟಿದ್ದೆ. ಮುಖಕ್ಕೆ ಮಸಿ ಬಳಿದುಕೊಂಡು ಬರುವಷ್ಟರಲ್ಲಿ ಪಾತ್ರೆ ಖಾಲಿ!

"ಅವ್ವಾ, ಇದರಾಗಿದ್ದ ಕೆಂಪು ನೀರೆಲ್ಲಿ?"

"ದೃಷ್ಟಿ ತೆಗೆಯಾಕೆ ಅರಿಶಿನ ಸುಣ್ಣ ಕಲಸಿಟ್ಟಿದೀಯ ಅನ್ಕಂಡೆ ಕಣಪ್ಪ. ನಿನ್ನ ಗೆಳೆಯರ ಮಖ ನೋಡಿದ್ರೆ ಎಲ್ರಿಗೂ ಗಾಳಿ ಸೋಕಿದಂಗೈತೆ. ಬಾಗಿಲಾಗೇ ನಿಲ್ಸಿ ನಿವಾಳಿಸಿ, ಗೇಟಿನ ಹೊರಗೆ ಚೆಲ್ಲಿದೆ."

"ಅದು ಕುಡಿಯೋದವ್ವಾ!"

"ದೃಷ್ಟಿ ನೀರು ಯಾರಾದ್ರೂ ಕುಡೀತಾರೇನಲೇ?"

ನಾವೀಗ ದೆವ್ವದ ವೇಷದಲ್ಲಿ ಸಾಲಾಗಿ ಕುಳಿತು ಅವ್ವ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದೇವೆ. ಗೇಟಿನ ಹೊರಗೆ ನಿಜವಾದ ದೆವ್ವಗಳು ನಮ್ಮ ರಮ್ಮು ಕುಡಿದು ತೂರಾಡುತ್ತಿರಬೇಕು.