ಹುಲಿಮೇಸ್ತ್ರಿಯ ಬರಿಗೈ

ಮೇಸ್ತ್ರಿಯ ಉಗುರುಗಳ ಮೇಲೆ ಅಡ್ಡಲಾಗಿ ಬಿಳಿಯ ಗೆರೆಗಳಿದ್ದವು, ಹತ್ತೂ ಬೆರಳುಗಳಲ್ಲಿ ಒಂದೇ ಎತ್ತರಕ್ಕೆ, ಯಾರೋ ಸುಣ್ಣದ ದಾರ ಹಿಡಿದು ಗುರುತು ಹಾಕಿದ ಹಾಗೆ. ಅಂಗೈಗಳು ಎಳೆಯ ಹಲಸಿನಕಾಯಿಯ ಸಿಪ್ಪೆಯಂತೆ ಸಣ್ಣ ಸಣ್ಣ ಗಂಟುಗಳಿಂದ ಒರಟಾಗಿದ್ದವು. ಕುತ್ತಿಗೆಯ ಮೇಲೂ ತೋಳುಗಳ ಮೇಲೂ, ಒಣಗಿದ ಮಣ್ಣಿನ ಮೇಲೆ ಮೊದಲ ಹನಿಗಳು ಬಿದ್ದಾಗ ಮೂಡುವಂಥ ಕಪ್ಪು ಚುಕ್ಕೆಗಳು. ನೋಡಿದವರು ಅದನ್ನು ವಯಸ್ಸೆಂದರು, ಬಿಸಿಲೆಂದರು, ವಂಶದ ಗುಣವೆಂದರು. ಅದು ಪಾಷಾಣದ ವಿಷ. ಇದನ್ನು ನಾನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾಗಿದ್ದವರು ಕೊನೆಯ ತನಕ ಹೇಳಲಿಲ್ಲ.

ಸಿದ್ದಾಪುರದ ಆಚೆಯ ಒಂದು ಎಸ್ಟೇಟಿನಲ್ಲಿ, ಹಳೆಯ ಕಾಫಿ ಗೋದಾಮೊಂದನ್ನು ಅದರ ದೊರೆ ಶಿಕಾರಿಯ ಪ್ರಾಣಿಗಳ ಚರ್ಮಕ್ಕೆ ನಾರು ತುಂಬಿ ನಿಲ್ಲಿಸುವ ಶೆಡ್ಡಾಗಿ ಮಾಡಿಕೊಂಡಿದ್ದರು. ಸುತ್ತಲಿನ ತೋಟಗಳ ಬಿಳಿಯರು ಹೊಡೆದ ಹುಲಿ, ಚಿರತೆ, ಕಾಟಿಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಬಂಗಲೆಗಳ ಗೋಡೆಗಳ ಮೇಲೆ ಇಂದಿಗೂ ಹಲ್ಲು ಕಿರಿಯುತ್ತಿರುವ ಆ ತಲೆಗಳೆಲ್ಲ ಒಬ್ಬರೇ ಮನುಷ್ಯನ ಕೈಕೆಲಸ. ಊರು ಅವರನ್ನು ಹುಲಿಮೇಸ್ತ್ರಿ ಎಂದು ಕರೆಯುತ್ತಿತ್ತು. ಗಿಡ್ಡ ಆಳು, ಜಗಳಗಂಟ, ಜಂಬದ ಮುದ್ದೆ. "ದೇವ್ರು ಮಾಡಿದ ಹುಲಿ ಹತ್ತು-ಹದಿನೈದು ವರ್ಷ ಬಾಳ್ತದೆ. ನಾನು ಮಾಡಿದ್ದು ನೂರು ವರ್ಷ. ಈಗ ಹೇಳು, ಯಾರು ದೊಡ್ಡವ?" ಎಂದು ಹೊಸಬರನ್ನು ಕೇಳುವುದು ಅವರ ಚಟ. ಉತ್ತರಕ್ಕೆ ಕಾಯುತ್ತಿರಲಿಲ್ಲ.

ಆದರೆ ಆ ಹಲ್ಲು ಕಿರಿಯುವ ಬಾಯಿಗಳ ವಿಷಯ ಬಂದರೆ ಸಿಡುಕುತ್ತಿದ್ದರು. ದೊರೆಗಳಿಗೆ ಬಾಯಿ ತೆರೆದ ಹುಲಿಯೇ ಬೇಕು. ಒಮ್ಮೆ ಒಂದು ಹೆಣ್ಣು ಹುಲಿಯ ದವಡೆಯನ್ನು ತಂತಿಯಿಂದ ಬಿಗಿದು ಅಗಲಿಸುತ್ತ ಹೇಳಿದರು: "ಇದು ಹೊಳೆಯಲ್ಲಿ ನೀರು ಕುಡಿಯುವಾಗ ಗುಂಡು ತಿಂದದ್ದು, ಗೊತ್ತುಂಟಾ? ಹೊತ್ತು ತಂದವ್ರೇ ಹೇಳಿದ್ರು. ಇನ್ನು ದೊರೆಯ ಮನೆಯಲ್ಲಿ ಮಾತ್ರ ಇದು ಅವರ ಮೇಲೆ ಹಾರಿ ಬಂದದ್ದು. ಹಾರಿಸ್ಲಿಕ್ಕೆ ನಾನು ಇದ್ದೇನಲ್ಲ."

ನಾನು ಆ ಶೆಡ್ಡಿಗೆ ಬಂದದ್ದು ದುಭಾಷಿಯಾಗಿ. ಮದ್ರಾಸಿನಲ್ಲಿ ಪ್ರಾಣಿಶಾಸ್ತ್ರದ ಪದವಿ ಪಡೆದು, ಕೆಲಸವಿಲ್ಲದೆ ಮೂರ್ನಾಡಿನ ನಮ್ಮ ಮನೆಯಲ್ಲಿ ಕುಳಿತಿದ್ದೆ. ಮಳೆಗಾಲದಲ್ಲಿ ಬೇಸರ ಕಳೆಯಲು ದೊರೆಸಾನಿಯರಿಗೆ ಹಕ್ಕಿಗಳನ್ನು ಸುಲಿದು ತುಂಬುವ ವಿದ್ಯೆ ಕಲಿಯುವ ಬಯಕೆ ಹುಟ್ಟಿತ್ತು. ದೊರೆ ವಾರಕ್ಕೊಂದು ತರಗತಿ ಏರ್ಪಡಿಸಿದರು. ಮೇಸ್ತ್ರಿಗೆ ಇಂಗ್ಲಿಷ್ ಬಾರದು, ದೊರೆಸಾನಿಯರಿಗೆ ಕನ್ನಡ ಬಾರದು. ನಡುವೆ ನಾನು.

ನಾನು ಬರೀ ಮಾತು ದಾಟಿಸುತ್ತ ನಿಲ್ಲಲಿಲ್ಲ, ಕಲಿತೆ. ಮೊದಲ ದಿನ ನನ್ನ ಕೈಗೆ ಒಂದು ಸತ್ತ ಹಸಿರು ಪಾರಿವಾಳವನ್ನು ಹಾಕಿ, "ಇದರ ಅಂಗಿ ಬಿಚ್ಚಬೇಕು. ಹರಿದ್ರೆ ನಿನ್ನ ಅಂಗಿ ಹರೀತೇನೆ" ಎಂದರು. ಪಾರಿವಾಳದ ಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳು. ಎದೆಮೂಳೆಯ ಮೇಲೆ ಒಂದೇ ಗೀರು ಎಳೆದ ಮೇಲೆ ಚಾಕುವಿಗೆ ಕೆಲಸವಿಲ್ಲ. ಒಸರುವ ರಕ್ತಕ್ಕೆ ಅಕ್ಕಿಹಿಟ್ಟು ಉದುರಿಸುತ್ತ, ಬೆರಳ ತುದಿಯಿಂದ ಚರ್ಮಕ್ಕೂ ಮಾಂಸಕ್ಕೂ ನಡುವೆ ದಾರಿ ಮಾಡುತ್ತ ಹೋಗಬೇಕು, ತೊಯ್ದ ಮಗುವಿನ ಅಂಗಿಯನ್ನು ತಲೆಯ ಮೇಲಿಂದ ತೆಗೆಯುವಂತೆ ಕೊಕ್ಕಿನವರೆಗೂ ಒಳಮಗ್ಗುಲು ಹೊರಗಾಗುವ ಹಾಗೆ. ನಾನು ತಡವರಿಸಿದಾಗ ಅವರು ನನ್ನ ಬೆರಳುಗಳ ಮೇಲೆ ತಮ್ಮ ಬೆರಳುಗಳನ್ನಿಟ್ಟು, "ಕಣ್ಣು ಮುಚ್ಚು. ಚಾಕು ಒಂದು ಸಲ, ಬೆರಳು ನೂರು ಸಲ" ಎನ್ನುತ್ತಿದ್ದರು. ಮೂರು ವರ್ಷ ಪುಸ್ತಕದಲ್ಲಿ ಓದಿದ ಹಕ್ಕಿಯ ಭುಜದ ಕೀಲು ನನಗೆ ನಿಜವಾಗಿ ಸಿಕ್ಕಿದ್ದು ಆ ಒರಟು ಬೆರಳುಗಳ ಕೆಳಗೆ.

ಸುಲಿದ ಚರ್ಮದ ಒಳಮಗ್ಗುಲಿಗೆ ಒಂದು ಬಿಳಿಯ ಮುದ್ದೆಯನ್ನು ಸವರುವುದು ಮುಂದಿನ ಹಂತ. ಹುಳ ಹಿಡಿಯದಂತೆ, ಕೂದಲು ಉದುರದಂತೆ ಕಾಯುವುದು ಅದೇ. ಅದನ್ನು ದೊರೆ ತಮ್ಮ ಕೋಣೆಯಲ್ಲಿ ಬೆರೆಸಿ ಡಬ್ಬಿಯಲ್ಲಿ ಕಳುಹಿಸುತ್ತಿದ್ದರು. ಮೇಸ್ತ್ರಿಗೆ ಅದು 'ಬಿಳಿ ಮದ್ದು' ಅಷ್ಟೇ. ಬರಿಗೈಯಲ್ಲಿ ಮೊಗೆದು, ಹುಲಿಯ ಕಿವಿಯ ಮಡಿಕೆಗಳೊಳಗೆ, ಪಂಜದ ಬೆರಳುಗಳ ಸಂದಿಯಲ್ಲಿ ತಿಕ್ಕುತ್ತಿದ್ದರು. ತಿಕ್ಕಿದ ಕೈಯನ್ನು ಚಿಂದಿಯಲ್ಲಿ ಒರೆಸಿ, ಅದೇ ಬೆರಳಿನಿಂದ ವೀಳ್ಯದೆಲೆಗೆ ಸುಣ್ಣ ಹಚ್ಚಿ ಬಾಯಿಗಿಡುತ್ತಿದ್ದರು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ. ನೊಣ ಬರಬಾರದೆಂದು ಶೆಡ್ಡಿನ ಕಿಟಕಿಗಳನ್ನು ಮೊಳೆ ಹೊಡೆದು ಮುಚ್ಚಲಾಗಿತ್ತು.

ಇದೇ ಮೇಸ್ತ್ರಿ ವಿಷಕ್ಕೆ ಹೆದರದವರೇನಲ್ಲ. ಕೊಡಗಿನಲ್ಲಿ ಹುಲಿ ಕೊಂದವನಿಗೆ ನರಿಮಂಗಲ ಮಾಡುತ್ತಾರೆ; ಕೊಡವ ಮಾತಿನಲ್ಲಿ ನರಿಯೆಂದರೆ ಹುಲಿ, ಮಂಗಲವೆಂದರೆ ಮದುವೆ. ಸತ್ತ ಹುಲಿಯನ್ನು ತೂಗುಹಾಕಿ, ಕೊಂದವನನ್ನು ಮದುಮಗನಂತೆ ಸಿಂಗರಿಸಿ ಅದರ ಬಳಿ ಕೂರಿಸಿ, ಬಂದವರೆಲ್ಲ ಅಕ್ಕಿ ಹಾಕಿ ಹರಸುತ್ತಾರೆ. ಹುಲಿಯನ್ನು ಬೇರೆ ಕೈಗೆ ಒಪ್ಪಿಸುವ ಮೊದಲು ಹಿರಿಯರು ಅದರ ಮೀಸೆಯನ್ನು ಸುಟ್ಟುಬಿಡುತ್ತಾರೆ. ಹುಲಿಮೀಸೆ ವಿಷವೆಂದೂ, ಅನ್ನದಲ್ಲಿ ಬೆರೆತರೆ ಕರುಳು ಕತ್ತರಿಸುವುದೆಂದೂ ನಂಬಿಕೆ. ಮೇಸ್ತ್ರಿಯೂ ಅದನ್ನು ನಂಬಿದ್ದರು. ಹುಲಿ ಬಂದೊಡನೆ ಅವರ ಮೊದಲ ಮಾತು, "ಮೀಸೆ ಸುಟ್ಟಿದ್ದೀರಾ?" ಇಲ್ಲವೆಂದರೆ ತಾವೇ ಕೊಳ್ಳಿ ತರುತ್ತಿದ್ದರು, ಆಮೇಲೆ ಹುಣಿಸೆ ಹಾಕಿ ಮೊಣಕೈಯವರೆಗೆ ತೊಳೆಯುತ್ತಿದ್ದರು. ಮೀಸೆಯಿಲ್ಲದ ಹುಲಿಯನ್ನು ಕಂಡು ದೊರೆ ಕೂಗಾಡಿದರೆ ಕಾಡುಹಂದಿಯ ಕೂದಲು ಚುಚ್ಚಿ ಹೊಸ ಮೀಸೆ ಕೊಡುತ್ತಿದ್ದರು.

ನಾನು ಮರೆಯಲಾರದ ತರಗತಿ ನಡೆದದ್ದು ಹುದಿಕೇರಿಯ ಕಡೆಯಿಂದ ಅಂಥದೊಂದು ಹುಲಿ ಬಂದ ವಾರ. ದೊರೆಸಾನಿಯರು ತಮ್ಮ ತಮ್ಮ ಹಕ್ಕಿಗಳೊಂದಿಗೆ ಹೆಣಗುತ್ತಿದ್ದರು. ಒಬ್ಬಾಕೆಯ ಕೈಯಲ್ಲಿ ಪಾರಿವಾಳ ಚಿಂದಿಯಾಗುತ್ತಿತ್ತು.

"ಈಯಮ್ಮ ಹಕ್ಕಿ ಸುಲೀತಿದ್ದಾಳಾ, ಹಲಸಿನಹಣ್ಣು ಬಿಡಿಸ್ತಿದ್ದಾಳಾ, ಕೇಳು" ಎಂದರು ಮೇಸ್ತ್ರಿ.

"ಸ್ವಲ್ಪ ನಿಧಾನವಾಗಿ ಎನ್ನುತ್ತಿದ್ದಾರೆ" ಎಂದು ಆಕೆಗೆ ಹೇಳಿದೆ.

"ನಾನು ಅಷ್ಟು ಹೇಳಿದ್ದಕ್ಕೆ ನೀನು ಇಷ್ಟೇನಾ ಹೇಳಿದ್ದು? ಇಂಗ್ಲಿಷು ಭಾರಿ ಕಂಜೂಸು ಭಾಷೆ ಮಾರಾಯ."

ಆಗ ದೊರೆ ಒಳಗೆ ಬಂದರು. ಸುಟ್ಟ ಮೀಸೆಯ ಹುಲಿಯನ್ನು ಬೆತ್ತದಿಂದ ತೋರಿಸಿ, ಈ ಜನ ಹುಲಿಮೀಸೆಯನ್ನು ವಿಷವೆಂದು ನಂಬುತ್ತಾರೆಂದು ಹೇಳಿದರು. ದೊರೆಸಾನಿಯರು ನಕ್ಕರು. ಏಕೆ ನಗುತ್ತಿದ್ದಾರೆಂದು ಮೇಸ್ತ್ರಿ ಕೇಳಿದರು, ಹೇಳಿದೆ. ಅವರು ತಲೆಯೆತ್ತದೆ, "ನಗ್ಲಿ. ವಿಷ ಅಂತ ಗೊತ್ತಿದ್ದೂ ಸುಡದೆ ಇನ್ನೊಬ್ಬರ ಕೈಗೆ ಕೊಡ್ತಾರಾ ಯಾರಾದ್ರೂ?" ಎಂದರು.

ನಗು ಮುಗಿಯುತ್ತಿದ್ದಂತೆ ದೊರೆ ಒಂದು ಪೆಟ್ಟಿಗೆ ತೆರೆದರು. ಒಳಗೆ ರಬ್ಬರಿನ ಕೈಗವಸುಗಳು. ಇಂದು ನೀವು ಬಿಳಿಯ ಮುದ್ದೆ ಸವರುತ್ತೀರಿ, ಅದರಲ್ಲಿ ಆರ್ಸೆನಿಕ್ ಇದೆ, ಕೈಗವಸಿಲ್ಲದೆ ಯಾರೂ ಮುಟ್ಟಬೇಡಿ, ಕೈ ತೊಳೆಯದೆ ಚಹಾ ಕುಡಿಯಬೇಡಿ ಎಂದು ಪ್ರತಿಯೊಬ್ಬಾಕೆಗೂ ಒಂದೊಂದು ಜೊತೆ ಹಂಚಿದರು. ಮೇಸ್ತ್ರಿಯ ಮುಂದೆ ನಿಂತಾಗ ಪೆಟ್ಟಿಗೆ ಮುಚ್ಚಿದರು. ಮೇಸ್ತ್ರಿಯ ಬಲಗೈ ಆ ಹೊತ್ತಿಗೆ ಮಣಿಕಟ್ಟಿನವರೆಗೆ ಬೆಳ್ಳಗಿತ್ತು.

ನಾನು ಕನ್ನಡದಲ್ಲಿ ಹೇಳಲಾರಂಭಿಸಿದೆ: "ಮೇಸ್ತ್ರಿ, ದೊರೆ ಹೇಳ್ತಿದ್ದಾರೆ, ಈ ಮದ್ದಿನಲ್ಲಿ ಪಾಷಾಣ ಉಂಟಂತೆ, ಬರಿಗೈಯಲ್ಲಿ..."

ದೊರೆಗೆ ಕನ್ನಡ ಅಷ್ಟಾಗಿ ತಿಳಿಯದು, ಆದರೆ 'ಪಾಷಾಣ' ತಿಳಿದಿತ್ತು. ಇಲಿಗಳಿಗಾಗಿ ಅದನ್ನು ಸಂತೆಯಿಂದ ತರಿಸುತ್ತಿದ್ದವರು ಅವರೇ. ಅವರು ನನ್ನ ಮಾತನ್ನು ಅಲ್ಲಿಗೇ ತಡೆದರು. ದನಿ ಏರಿಸಲಿಲ್ಲ. "ಅವನ ಮಾತನ್ನು ಇವರಿಗೆ ಹೇಳಲು ನಿನ್ನನ್ನು ಇಟ್ಟುಕೊಂಡಿದ್ದೇನೆ. ನಮ್ಮ ಮಾತನ್ನು ಅವನಿಗೆ ಹೇಳಲು ಅಲ್ಲ."

ಈ ಎರಡು ವಾಕ್ಯಗಳನ್ನು ಓದುಗರು ಮತ್ತೊಮ್ಮೆ ಓದಬೇಕೆಂದು ಕೋರುತ್ತೇನೆ. ತಿಳಿಯದೆ ಆದ ಅನಾಹುತವೆಂದು ಇನ್ನು ಯಾರೂ ಹೇಳಲಾಗದು. ತಿಳಿವಳಿಕೆ ಆ ಶೆಡ್ಡಿನಲ್ಲಿತ್ತು, ಪೆಟ್ಟಿಗೆಯಲ್ಲಿತ್ತು, ಹಂಚಲ್ಪಟ್ಟಿತು, ಒಬ್ಬ ಮನುಷ್ಯನ ಮುಂದೆ ಬಂದು ಮುಚ್ಚಿಕೊಂಡಿತು. ಹುಲಿಯ ಮೀಸೆಯಲ್ಲಿ ವಿಷವಿಲ್ಲವೆಂದು ನನ್ನ ಶಾಸ್ತ್ರ ಹೇಳುತ್ತದೆ. ನಮ್ಮ ಹಿರಿಯರ ನಂಬಿಕೆ ತಪ್ಪು. ಆದರೆ ವಿಷವೆಂದು ತಾವು ತಿಳಿದದ್ದನ್ನು ಸುಟ್ಟು, ಆಮೇಲೆ ಹುಲಿಯನ್ನು ಒಪ್ಪಿಸುವ ಅವರ ನಡತೆಯ ಮುಂದೆ ಆ ದೊರೆಯ ಸರಿಯಾದ ತಿಳಿವಳಿಕೆಯನ್ನು ಇಟ್ಟು ನೋಡಿ.

ಸಂಜೆ ದೊರೆಸಾನಿಯರು ಹೋದ ಮೇಲೆ ಮೇಸ್ತ್ರಿಗೆ ಎಲ್ಲವನ್ನೂ ಹೇಳಿದೆ. ಅವರು ಮೊದಲು ನಕ್ಕರು. "ಪಾಷಾಣ ಹುಳಕ್ಕೆ. ಮನುಷ್ಯನಿಗೆ ಇಷ್ಟರಲ್ಲಿ ಎಂತ ಆಗ್ತದೆ?" ಆಮೇಲೆ ನಗು ನಿಂತಿತು. ಕೈಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಕಾಲಲ್ಲಿ ಇರುವೆ ಹರಿದ ಹಾಗೆ ಆಗ್ತದಲ್ಲ, ಅದೂ ಇದೇಯಾ?" ಎಂದು ಕೇಳಿದರು. ಹೌದೆಂದೆ. ಎದ್ದು ಹೋಗಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಬಂದರು.

ಮರುದಿನ ಅವರು ನನ್ನನ್ನು ಕರೆದುಕೊಂಡು ದೊರೆಯ ಮುಂದೆ ನಿಂತು ಕೈಗವಸು ಕೇಳಿದರು. ಕಿಟಕಿ ತೆಗೆಸಬೇಕೆಂದರು. ದೊರೆ ನಕ್ಕು, ಇಂಥ ಚರ್ಮದ ಮೇಲೆ ರಬ್ಬರು ಏಕೆ, ಕೈಗವಸು ಹಾಕಿದರೆ ಇವನ ಬೆರಳಿಗೆ ಬೆಲೆಯೇ ಉಳಿಯದು ಎಂದರು. ನಾನು ಅಕ್ಷರಶಃ ಅನುವಾದಿಸಿದೆ. ಮೇಸ್ತ್ರಿ ತಿರುಗಿ ನಡೆದರು. ಮೆಟ್ಟಿಲಿಳಿಯುವಾಗ, "ಹೌದು, ಕೈಗವಸು ಹಾಕಿದ್ರೆ ಚರ್ಮ ನನ್ನ ಹತ್ರ ಮಾತಾಡ್ಲಿಕ್ಕಿಲ್ಲ. ಅದು ನಾನು ಹೇಳ್ಬೇಕಾದ ಮಾತು. ಅವ ಹೇಳುದಲ್ಲ" ಎಂದರು. ಅವರನ್ನು ನಾನು ಅಷ್ಟು ಸಿಟ್ಟಿನಲ್ಲಿ ಇನ್ನೆಂದೂ ನೋಡಲಿಲ್ಲ.

ಹಾಗಾದರೆ ಕೆಲಸ ಏಕೆ ಬಿಡಲಿಲ್ಲ ಎಂದು ಪಟ್ಟಣದ ಗೆಳೆಯರು ನನ್ನನ್ನು ಕೇಳುತ್ತಾರೆ. ಅವರಿದ್ದ ಮನೆ ಎಸ್ಟೇಟು ತನ್ನ ಆಳುಗಳಿಗೆ ಕಟ್ಟಿಸಿದ ಲೈನಿನದು. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಇದನ್ನು ತಿಳಿದೇ ದೊರೆ ನಕ್ಕದ್ದು.

ಆ ಮಳೆಗಾಲ ಮುಗಿಯುವ ಮೊದಲೇ ನನ್ನನ್ನು ತೆಗೆದುಹಾಕಲಾಯಿತು. ನಾನು ಮೇಸ್ತ್ರಿಯ ಮನೆಗೆ ಹೋಗುವುದನ್ನು ಬಿಡಲಿಲ್ಲ. ಅವರ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ. ಪಾದಗಳಿಗೆ ಸ್ಪರ್ಶ ಹೋಯಿತು. ಒಂದು ದಿನ ಸಿದ್ದಾಪುರದ ರಸ್ತೆಯಲ್ಲಿ ಒಂದು ಕಾಲಿನ ಚಪ್ಪಲಿ ಕಳಚಿ ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ, ಮನೆಗೆ ಬಂದಾಗ ಹೆಂಡತಿ ರಕ್ತ ನೋಡಿದರು. ಆಮೇಲೆ ಬೆರಳುಗಳೂ ಮರಗಟ್ಟಿದವು. ಸೂಜಿ ಕೈಯಿಂದ ಜಾರಿದ ದಿನ ಅವರು ಹೆಂಡತಿಯನ್ನು ಹೊರಗೆ ಕಳುಹಿಸಿ ನನ್ನ ಎದುರು ಅತ್ತರು. "ನಾಳೆ ನನ್ನ ಜಾಗಕ್ಕೆ ಯಾರೋ ಬರ್ತಾನೆ. ಅವನಿಗೂ ಬಿಳಿ ಮದ್ದು ಅಂತಲೇ ಹೇಳ್ತಾರೆ. ನೀನು ಹೇಳು ಅವನಿಗೆ. ನಿನಗೆ ಎರಡೂ ಭಾಷೆ ಬರ್ತದಲ್ಲ."

ಕಳೆದ ಕಕ್ಕಡ ತಿಂಗಳಿನಲ್ಲಿ, ಸುರಿಯುವ ಮಳೆಯಲ್ಲಿ, ಅವರು ತೀರಿಕೊಂಡರು. ಎಸ್ಟೇಟಿನ ವೈದ್ಯ ಕುಡಿತದಿಂದ ಸತ್ತರೆಂದು ಹೇಳಿ ಹೋದ. ಅದನ್ನು ಕೇಳಿ ಅವರ ಹೆಂಡತಿ ನನ್ನ ಮುಂದೆ ಸಿಡಿದರು: "ಕುಡೀತಿದ್ರು, ಇಲ್ಲೆ ಅಂತ ನಾ ಹೇಳಿಕಿಲ್ಲೆ. ಇಲ್ಲಿ ಕುಡಿಯದವ್ರು ಯಾರು? ದೊರೆ ಕುಡಿಯುದಿಲ್ವಾ? ಅವ್ರ ಉಗುರಿಗೆ ಗೆರೆ ಯಾಕೆ ಬೀಳ್ಲಿಲ್ಲ?"

ವಿಶ್ವವಿದ್ಯಾಲಯದ ಭಾಷೆಯಲ್ಲಿಯೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಹೊಳೆಯದು. ಆ ಶೆಡ್ಡಿನ ಗಾಳಿಯನ್ನು ಯಾವ ಅಧಿಕಾರಿಯೂ ಪರೀಕ್ಷಿಸಿಲ್ಲ. ತೋಟದ ಹಂದಿಗೆ ಗುಂಡು ಹಾರಿಸಲು ಅನುಮತಿಪತ್ರ ಕೇಳುವ ಸರಕಾರ, ಮುಚ್ಚಿದ ಕೋಣೆಯಲ್ಲಿ ಒಬ್ಬನ ಕೈಗೆ ಪಾಷಾಣ ಕೊಡಲು ಏನನ್ನೂ ಕೇಳುವುದಿಲ್ಲ. ವೈದ್ಯ ತನ್ನ ಮಾತನ್ನು ಹಿಂತೆಗೆದುಕೊಳ್ಳಲಿ. ದೊರೆ ಉತ್ತರ ಹೇಳಲಿ. ಆ ತಲೆಗಳನ್ನು ಗೋಡೆಗೆ ತೂಗುಹಾಕಿಕೊಂಡವರೆಲ್ಲ, ಅವುಗಳ ಕಿವಿಯೊಳಗೆ ಯಾರ ಬೆರಳು ಹೋಗಿ ಬಂದಿತ್ತೆಂದು ತಿಳಿದುಕೊಳ್ಳಲಿ. ಇಂದು ನಾನು ಒಂದು ಹಕ್ಕಿಯನ್ನು ಹರಿಯದೆ ಸುಲಿಯಬಲ್ಲೆನಾದರೆ, ಕಣ್ಣು ಮುಚ್ಚಿ ಕೀಲನ್ನು ಗುರುತಿಸಬಲ್ಲೆನಾದರೆ, ಆ ಸಾಮರ್ಥ್ಯ ನನಗೆ ಬಂದದ್ದು ವಿಷ ಹತ್ತಿದ ಕೈಗಳಿಂದ. ಆ ಋಣ ಹೊತ್ತವನು ಸುಮ್ಮನಿರುವಂತಿಲ್ಲ.

ಹೋದ ತಿಂಗಳು ಆ ಶೆಡ್ಡಿಗೆ ಹೋದೆ. ಹೊಸ ಮೇಸ್ತ್ರಿ ಬಂದಿದ್ದ, ವಿರಾಜಪೇಟೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ನಡುವಯಸ್ಸಿನವನು. ಒಂದು ಚಿರತೆಯ ಚರ್ಮದ ಮುಂದೆ ಕುಳಿತು ಮುದ್ದೆಯನ್ನು ಬರಿಗೈಯಲ್ಲಿ ಮೊಗೆಯುತ್ತಿದ್ದ. ಬಾಗಿಲಲ್ಲೇ ನಿಂತು ನಾನು ಅದರ ಹೆಸರು ಹೇಳಿದೆ, ಅದು ಮಾಡುವುದೇನೆಂದು ಹೇಳಿದೆ. ಹಿಂದೆ ಹೆಜ್ಜೆಯ ಸಪ್ಪಳವಾಯಿತು. ದೊರೆ ಬಂದು ನಿಂತಿದ್ದರು.

"ಮುಂಚೆ ಇದ್ದವ ಕುಡಿದು ಸತ್ತದ್ದಲ್ವಾ?" ಎಂದ ಹೊಸಬ.

"ಅಲ್ಲ."

ಅವನು ನನ್ನನ್ನೂ ದೊರೆಯನ್ನೂ ನೋಡಿದ. "ಇದು ವಿಷ ಅಂತ ದೊರೆಗೆ ಗೊತ್ತಿತ್ತಾ, ಕೇಳಿ."

ಅವನೇನು ಹೇಳುತ್ತಿದ್ದಾನೆಂದು ದೊರೆ ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಒಂದು ಶಬ್ದವನ್ನೂ ಮೆದುಗೊಳಿಸದೆ. ಅವರು ಬೆತ್ತವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

ಹೊಸಬ ಉತ್ತರಕ್ಕೆ ಕಾದು ನೋಡಿದ. ಆಮೇಲೆ ಎದ್ದು ಹೊರಗಿನ ನೀರಿನ ಕಲ್ಲುಮರಿಗೆಯ ಬಳಿ ಹೋಗಿ, ಬೂದಿ ಹಾಕಿ ಮೊಣಕೈಯವರೆಗೆ ಉಜ್ಜಿ ಉಜ್ಜಿ ತೊಳೆದ. ಮೊಳೆಗೆ ಸಿಕ್ಕಿಸಿದ್ದ ತನ್ನ ಅಂಗಿಯನ್ನು ತೊಟ್ಟು, ವಿರಾಜಪೇಟೆಯ ಬಸ್ಸು ಎಷ್ಟು ಹೊತ್ತಿಗೆಂದು ನನ್ನನ್ನು ಕೇಳಿದ. ನಾವಿಬ್ಬರೂ ರಸ್ತೆಯ ಕಡೆಗೆ ನಡೆದೆವು. ಶೆಡ್ಡಿನೊಳಗೆ ಅರ್ಧ ಸವರಿದ ಚಿರತೆಯೂ ದೊರೆಯೂ ಉಳಿದರು.